ಸೋಮಾರಿ ಗಾಳಿ

ಮೆದೇಹಳ್ಳಿ ರಸ್ತೆಯ ತಗಡಿನ ಶೆಡ್ಡಿಗೆ
ಆಷಾಢ ಬಂತೆಂದರೆ ಬಾಗಿಲು ನಿಲ್ಲುವುದಿಲ್ಲ.
ಗುಡ್ಡದ ಮೇಲೆ ಸಾಲು ಫ್ಯಾನುಗಳು ತಿರುಗುತ್ತವೆ,
ಕರೆಂಟು ಮಾಡುತ್ತವಂತೆ, ಮಾಡಲಿ.
ನಮಗೆ ಆ ಗಾಳಿಯೇ ಹಗೆ.

ಮೂರು ಸಾವಿರ ಲೀಟರಿನ ಹಾಲಿನ ಟ್ಯಾಂಕು,
ಮುನ್ನೂರನಾಲ್ಕು ನಂಬರಿನ ಸ್ಟೀಲು.
ಹೊರಮೈ ಕನ್ನಡಿ; ಪಾಲಯ್ಯ ಅದರಲ್ಲಿ
ಮೀಸೆ ತೀಡಿಕೊಳ್ಳುತ್ತಾನೆ.
ಜಿಲಾನಿ ಮೇಸ್ತ್ರಿ ಬೆರಳು ನೆಕ್ಕಿ ಎತ್ತಿ ಹಿಡಿಯುತ್ತಾರೆ,
ಇವತ್ತು ಯಾವ ಕಡೆಯದು ಎಂದು.
ಆಮೇಲೆ ಆ ಕಡೆಗೆ ಫ್ಲೆಕ್ಸು ಕಟ್ಟಿಸುತ್ತಾರೆ.
ಯಾರದೋ ಹುಟ್ಟುಹಬ್ಬದ್ದು, ಕೈ ಮುಗಿದ ಹನ್ನೆರಡು ಜನ
ತಲೆಕೆಳಗಾಗಿ ನಿಂತು ನಮ್ಮನ್ನು ಕಾಯುತ್ತಾರೆ.

ಐಟಿಐ ಮೇಷ್ಟ್ರು ಹೇಳಿದ್ದರು:
ಆರ್ಗಾನ್ ಅಂದರೆ ಗ್ರೀಕಿನಲ್ಲಿ ಸೋಮಾರಿ.
ಯಾರೊಂದಿಗೂ ಸೇರದು, ಉರಿಯದು, ಉರಿಸದು,
ಬಣ್ಣವಿಲ್ಲ, ವಾಸನೆಯಿಲ್ಲ.
ಹಿಂದಿನ ಬೆಂಚಿನಿಂದ ಯಾರೋ
'ನಮ್ಮ ಮಾವನೂ ಅಷ್ಟೇ ಸಾರ್' ಅಂದ. ನಕ್ಕಿದ್ದೆವು.

ಟಾರ್ಚಿನ ಬಟ್ಟಲಿನಿಂದ ಇಳಿಯುವಾಗ ಅದು
ಸಣ್ಣಗೆ ಉಸ್ಸೆನ್ನುತ್ತದೆ,
ಮಗುವಿಗೆ ಉಚ್ಚೆ ಹೊಯ್ಯಿಸುವ ತಾಯಿಯಂತೆ.
ಟಂಗ್‌ಸ್ಟನ್ ಮೊನೆಗೆ ನೀಲಿ ಹತ್ತಿ
ಉಕ್ಕು ಕರಗಿ ಕಡಲೆಕಾಳಿನಷ್ಟು ಕೊಳ.
ಅದರ ಸುತ್ತ ಕಾಣದ ಗೋಡೆ.
ಏಳು ಸುತ್ತಿನ ಕೋಟೆಯ ಊರಲ್ಲಿ
ಎಂಟನೆಯ ಸುತ್ತು ಕಟ್ಟುವವರು ನಾವು,
ಅರ್ಧ ಇಂಚು ಅಗಲ, ಗಳಿಗೆ ಗಳಿಗೆಗೂ ಹೊಸದು.
ಕಿಂಡಿ ಸಿಕ್ಕರೆ ಸಾಕು,
ಒಳನುಗ್ಗುವುದನ್ನು ಈ ಊರಿನ ಗಾಳಿಗೆ
ಯಾರೂ ಹೇಳಿಕೊಡಬೇಕಿಲ್ಲ.

ಮೊದಲ ವರ್ಷ, ಹೊರಗೆ ಜೋರಿದೆಯೆಂದು
ನಾನೂ ಜೋರು ಮಾಡಿದೆ, ಹತ್ತರ ಮುಳ್ಳು ಇಪ್ಪತ್ತೈದಕ್ಕೆ.
ಬೆಸುಗೆ ಕಪ್ಪಾಗಿ, ತೂತು ತೂತಾಗಿ ಎದ್ದಿತು
ಹೆಂಚಿಗೆ ಸೀದ ದೋಸೆಯ ಹಾಗೆ.
'ಗಾಳಿ ಗುದ್ದಿ ಮೈ ನೋಯಿಸ್ಕೊಂಡೆಲ್ಲ ಬೊಮ್ಮಕ್ಕ.
ರಭಸ ಮಾಡಿದ್ರೆ ಇದು ಸುಳಿ ತಿರುಗಿ
ಹೊರಗಿಂದನ್ನೇ ಎಳಕೊಂಡು ಬರ್ತದೆ.
ಹತ್ತು ಲೀಟರು. ಕೈ ಹತ್ರ. ನಿನ್ನ ಉಸಿರೂ ನಿಧಾನ.'

ಬಣ್ಣ ಓದುವುದು ಆಮೇಲೆ ಕಲಿತೆ.
ಬೆಳ್ಳಿ ಬಂದ ದಿನ ಹಬ್ಬ.
ಒಣಹುಲ್ಲಿನ ಹೊನ್ನು, ಅದೂ ಸರಿ.
ನವಿಲುಗತ್ತಿನ ನೀಲಿ ನೋಡಲು ಚೆಂದ,
ಡೇರಿಯ ಇನ್‌ಸ್ಪೆಕ್ಟರಮ್ಮ ಚೆಂದಕ್ಕೆ ಸಹಿ ಹಾಕುವುದಿಲ್ಲ.
ಬೂದಿಯಾದಲ್ಲಿ ಕ್ರೋಮಿಯಂ ಸುಟ್ಟುಹೋಗಿದೆ,
ಸ್ಟೇನ್‌ಲೆಸ್ ಎಂಬ ಹೆಸರೊಂದು ಉಳಿದಿದೆ.

ಮುಂದೆ ಬೆಳ್ಳಿಯಾದರೆ ಸಾಲದು.
ಆಯಮ್ಮ ಕೈಗನ್ನಡಿ ಹಿಡಿದು ಬೆನ್ನು ನೋಡುತ್ತಾಳೆ:
ಒಳಗಡೆ ಸುಟ್ಟ ಸಕ್ಕರೆಯಂಥ ಹರಳೆದ್ದಿದ್ದರೆ
ಆ ಸಂದಿಯಲ್ಲಿ ನಿನ್ನೆಯ ಹಾಲು ಕೂತು
ಇವತ್ತಿನದನ್ನು ಒಡೆಯುತ್ತದೆ.
ಅದಕ್ಕೇ ಬೆನ್ನಿಗೂ ಗ್ಯಾಸು,
ಟ್ಯಾಂಕಿನ ತುಂಬ ಗ್ಯಾಸು.

ಪಾಲಯ್ಯನ ಅಣ್ಣ, ಹಿರಿಯೂರಿನ ಕಡೆ ಒಂದು ಟ್ಯಾಂಕಿನಲ್ಲಿ
ಬಿದ್ದ ಸ್ಪ್ಯಾನರು ಎತ್ತಲು ಬಗ್ಗಿದ್ದ.
ಹೊಗೆಯಿಲ್ಲ, ವಾಸನೆಯಿಲ್ಲ,
ಕೆಮ್ಮು ಕೂಡ ಬರಲಿಲ್ಲವಂತೆ.
ಇಷ್ಟೇ ಹೇಳುತ್ತಾನೆ ಪಾಲಯ್ಯ. ಮತ್ತೆ ಮೀಸೆಗೆ ಕೈ.

ಇವತ್ತಿನ ಕೊನೆಯ ಬೆಸುಗೆ.
ಕಿಡಿ ಆರಿಸುತ್ತೇನೆ, ಕೈ ತೆಗೆಯುವುದಿಲ್ಲ,
ಕೆಂಪು ತಣಿಯುವ ತನಕ ಅದು ಹರಿಯುತ್ತಿರಬೇಕು.
ಒಂದು, ಎರಡು, ಮೂರು.
ಏಳಕ್ಕೆ ಫ್ಲೆಕ್ಸು ಪಟಪಟಿಸುತ್ತದೆ,
ಬೆನ್ನು ಅತ್ತ ತಿರುಗಿಸಿ ಕೂರುತ್ತೇನೆ.
ಎಂಟು, ಒಂಬತ್ತು.

ಮೀಟರು ಬಂದಿದೆ ಈಗ,
ಇಪ್ಪತ್ತೊಂದು ತೋರಿಸಿದರೆ ಒಳಗಿಳಿಯಬಹುದು.
ಪಾಲಯ್ಯನಿಗೆ ಮಾತ್ರ ಮೇಣದ ಬತ್ತಿಯೂ ಬೇಕು.
ದಾರಕ್ಕೆ ಕಟ್ಟಿ ಇಳಿಸುತ್ತಾನೆ
ಗೇಣು, ಮೊಳ, ಎರಡು ಮೊಳ.
ಫಕ್ಕನೆ ಆರುತ್ತದೆ.
'ಇನ್ನೂ ಇದ್ದಾನೆ' ಅನ್ನುತ್ತಾನೆ.
ಯಾರು ಎಂದು ನಾವು ಕೇಳುವುದಿಲ್ಲ.

ಮೇಸ್ತ್ರಿ ಮೇಲಿನ ಗಂಟು, ನಾನು ಕೆಳಗಿನದು,
ಫ್ಲೆಕ್ಸು ಬಿಚ್ಚುತ್ತೇವೆ.
ಟ್ಯಾಂಕಿನ ಎರಡೂ ಮುಚ್ಚಳ ತೆರೆದು
ಬಾ ಎನ್ನುತ್ತೇವೆ
ಬೆಳಗಿನಿಂದ ಬೈದ ಗಾಳಿಗೆ.